ಗುಂಪಿನಲ್ಲಿ ನಿಂತವರ ಲೆಕ್ಕ

ಸಿನಿಮಾ ನೋಡಿ ಹೊರಗೆ ಬಂದವರನ್ನು ನಿಲ್ಲಿಸಿ ಯಾರು ಚೆನ್ನಾಗಿ ಅಭಿನಯಿಸಿದರು ಎಂದು ಕೇಳಿದರೆ ನಾಲ್ಕೈದು ಹೆಸರು ಹೇಳುತ್ತಾರೆ. ನಾಯಕ ಹತ್ತಿದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದ ಮುದುಕ ಯಾರು, ನಾಯಕಿಯ ಮದುವೆಯಲ್ಲಿ ಅಕ್ಷತೆ ಹಾಕಿದ ಹೆಂಗಸರು ಯಾರು, ಆಸ್ಪತ್ರೆಯ ವರಾಂಡದಲ್ಲಿ ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದವನು ಯಾರು ಎಂದು ಕೇಳಿದರೆ ಉತ್ತರವಿಲ್ಲ. ಉತ್ತರ ಇರಬೇಕೆಂದು ಯಾರಿಗೂ ಅನಿಸಿದ್ದೂ ಇಲ್ಲ. ಆದರೆ ಅವರಿಲ್ಲದೆ ಆ ಬಸ್ಸು ಬಸ್ಸಲ್ಲ, ಆ ಮದುವೆ ಮದುವೆಯಲ್ಲ. ಖಾಲಿ ಛತ್ರದಲ್ಲಿ ತಾಳಿ ಕಟ್ಟುವ ನಾಯಕನನ್ನು ಕಂಡರೆ ಪ್ರೇಕ್ಷಕ ನಕ್ಕುಬಿಡುತ್ತಾನೆ. ಕಥೆಯನ್ನು ನಂಬಿಸುವ ಅರ್ಧ ಕೆಲಸ ಮಾಡುವವರು ಕಥೆಯೊಳಗೆ ಇಲ್ಲದವರು.

ಇವರಿಗೆ ಒಂದು ಕಾಲಕ್ಕೆ ‘ಎಕ್ಸ್‌ಟ್ರಾ’ ಎನ್ನುತ್ತಿದ್ದರು. ಬೇಕಾದದ್ದಕ್ಕಿಂತ ಹೆಚ್ಚಿಗೆ ಇರುವುದು ಎಂದು ಅರ್ಥ. ಅದು ಅವಮಾನದ ಮಾತೆಂದು ತಿಳಿದ ಮೇಲೆ ‘ಜೂನಿಯರ್ ಆರ್ಟಿಸ್ಟ್’ ಬಂತು. ಹತ್ತೊಂಬತ್ತು ವರ್ಷದ ನಾಯಕಿಯ ಹಿಂದೆ ಹೂವಿನ ಬುಟ್ಟಿ ಹಿಡಿದು ನಿಂತ ಅರವತ್ತು ವರ್ಷದ ಹೆಂಗಸೂ ಜೂನಿಯರ್. ಈಗ ಗೌರವದಿಂದ ‘ಸಹಕಲಾವಿದರು’ ಎನ್ನುವವರಿದ್ದಾರೆ. ಹೆಸರು ಬದಲಾದಷ್ಟು ಬೇಗ ಪಾಡು ಬದಲಾಗಲಿಲ್ಲ. ಹಾಗಾಗಿ ಈ ಕೆಲಸದ ಹಿಂದಿರುವ ನೈತಿಕ ಪ್ರಶ್ನೆಯನ್ನು ನಾವು ಕೊಂಚ ಬಿಡಿಸಿ ನೋಡಬೇಕಾಗಿದೆ. ಅದು ಸಿನಿಮಾದವರದು ಮಾತ್ರವಲ್ಲ. ಹಣ ಪಡೆದು ಗುಂಪಿನಲ್ಲಿ ನಿಂತವನು ಆ ಗುಂಪು ಮಾಡುವುದಕ್ಕೆ ಹೊಣೆಯೇ? ಅವನನ್ನು ಅಲ್ಲಿ ನಿಲ್ಲಿಸಿದವನು ಅವನಿಗೆ ಏನು ಬಾಕಿ ಇದ್ದಾನೆ?

ದೊಡ್ಡಬಳ್ಳಾಪುರ ತಾಲ್ಲೂಕಿನ ಬಾಶೆಟ್ಟಿಹಳ್ಳಿಯನ್ನು ಬಲ್ಲವರಿಗೆ ಈ ಪ್ರಶ್ನೆ ದೂರದ್ದಲ್ಲ. ಹೆಸರಿನಲ್ಲಿ ಹಳ್ಳಿ ಉಳಿದಿದೆ, ಊರು ಪಟ್ಟಣ ಪಂಚಾಯಿತಿಯಾಗಿದೆ. ಯಲಹಂಕದಿಂದ ಹಿಂದೂಪುರದ ಕಡೆಗೆ ಹೋಗುವ ರಸ್ತೆಯ ಆಚೆ ಈಚೆ ಕೈಗಾರಿಕಾ ಪ್ರದೇಶ, ಅಪರೆಲ್ ಪಾರ್ಕು, ಗೋದಾಮುಗಳು. ಶಿಫ್ಟು ಬಿಟ್ಟಾಗ ರಸ್ತೆ ತುಂಬುವ ಜನರಲ್ಲಿ ಉತ್ತರ ಕರ್ನಾಟಕದವರಿದ್ದಾರೆ, ಬಿಹಾರದವರಿದ್ದಾರೆ, ಒಡಿಶಾದವರಿದ್ದಾರೆ. ಮಗ್ಗ ನಿಂತು ಕೆಲಸ ಬಿಟ್ಟ ನೇಕಾರರೂ ಇದ್ದಾರೆ. ಬಹಳಷ್ಟು ಮಂದಿಗೆ ಗುತ್ತಿಗೆ ಕೆಲಸ. ಆರ್ಡರು ಇದ್ದರೆ ಕೂಲಿ, ಇಲ್ಲದಿದ್ದರೆ ರಜೆ. ಒಂದು ಕಡೆ ನಂದಿಬೆಟ್ಟ, ಇನ್ನೊಂದು ಕಡೆ ಹೆಸರಘಟ್ಟ. ಹೆಸರಘಟ್ಟದಲ್ಲಿ ಸರಕಾರದ್ದೇ ಚಲನಚಿತ್ರ ತರಬೇತಿ ಸಂಸ್ಥೆಯಿದೆ. ಹೀಗೆ ಬೆಂಗಳೂರಿನ ಸುತ್ತ ಚಿತ್ರೀಕರಣ ನಡೆಯುವ ಕಡೆಗಳಲ್ಲೆಲ್ಲ ಇಂಥ ಊರುಗಳಿಂದ ಜನ ಹೋಗುತ್ತಾರೆ. ಏಜೆಂಟಿನಿಂದ ರಾತ್ರಿ ಫೋನು ಬರುತ್ತದೆ: ನಾಳೆ ನಲವತ್ತು ತಲೆ ಬೇಕು, ಹದಿನೈದು ಹೆಂಗಸರು, ಬಣ್ಣದ ಸೀರೆ, ಬೆಳಿಗ್ಗೆ ಐದಕ್ಕೆ ಟೆಂಪೊ. ಅದೇ ಟೆಂಪೊ ಇನ್ನೊಂದು ದಿನ ಯಾವುದೋ ಪಕ್ಷದ ಸಮಾವೇಶಕ್ಕೂ ಹೋಗುತ್ತದೆ. ಊಟದ ಪೊಟ್ಟಣವೂ ಹೆಚ್ಚುಕಡಿಮೆ ಒಂದೇ. ಹತ್ತಿಕೊಂಡವನ ಮಟ್ಟಿಗೆ ವ್ಯತ್ಯಾಸ ಒಂದೇ: ಸಿನಿಮಾದಲ್ಲಿ ಕಟ್ ಎನ್ನುವವನು ಇರುತ್ತಾನೆ.

ಸೆಟ್ಟಿನಲ್ಲಿ ಈ ಕೆಲಸ ಹೇಗಿರುತ್ತದೆ ಎಂಬುದನ್ನು ಕೇಳಿದವರಿಗೆ ಮೊದಲು ಆಶ್ಚರ್ಯವಾಗುವುದು ಅದರಲ್ಲಿರುವ ಕಾಯುವಿಕೆ. ಬೆಳಿಗ್ಗೆ ಬಂದವರು ಮಧ್ಯಾಹ್ನದವರೆಗೆ ಕಾಯಬೇಕಾಗಬಹುದು. ಲೈಟು ಸರಿಯಾಗಬೇಕು, ನಾಯಕ ಬರಬೇಕು, ಮೋಡ ಸರಿಯಬೇಕು. ಆಮೇಲೆ ಹತ್ತು ನಿಮಿಷದ ಕೆಲಸ: ಈ ಕಂಬದಿಂದ ಆ ಅಂಗಡಿಯವರೆಗೆ ನಡೆ, ತರಕಾರಿ ಕೊಳ್ಳು, ತಿರುಗಿ ಬಾ. ಶಾಟ್ ಸರಿಬರಲಿಲ್ಲವೆಂದರೆ ಮತ್ತೆ ಅದೇ ಕಂಬದಿಂದ ಅದೇ ಅಂಗಡಿಗೆ. ನೇರ ಧ್ವನಿಮುದ್ರಣದ ಚಿತ್ರವಾದರೆ ಸಂತೆಯ ಜನ ತುಟಿ ಆಡಿಸಬೇಕು, ದನಿ ಹೊರಡಬಾರದು. ಚೌಕಾಸಿಯೆಲ್ಲ ಮೂಕವಾಗಿ ನಡೆಯಬೇಕು, ನಾಯಕನ ಮಾತೊಂದೇ ಮೈಕಿಗೆ ಸಿಗಬೇಕು. ಸಂತೆಯ ಗದ್ದಲವನ್ನು ಆಮೇಲೆ ಬೇರೆಕಡೆಯಿಂದ ತಂದು ಸೇರಿಸುತ್ತಾರೆ. ದೃಶ್ಯ ಮರುದಿನಕ್ಕೆ ಮುಂದುವರಿದರೆ ಅದೇ ಬಟ್ಟೆಯನ್ನು ತೊಳೆಯದೆ ಉಟ್ಟು ಬರಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿದೆ: ಕ್ಯಾಮೆರಾ ನೋಡಬಾರದು. ನೋಡಿದರೆ ಶಾಟ್ ಕೆಟ್ಟಿತು, ಸಹಾಯಕ ನಿರ್ದೇಶಕನಿಂದ ಬೈಗುಳ ಸಿಕ್ಕಿತು. ಇವರ ಮುಖ ಬೇಕು, ಮುಖದೊಳಗಿನ ನೋಟ ಬೇಡ. ಬಾಯಿ ಬೇಕು, ದನಿ ಬೇಡ.

ಹೀಗೆ ಇನ್ನೊಬ್ಬರ ಕಥೆಗೆ ಹಿನ್ನೆಲೆಯಾಗುವುದು ಮನುಷ್ಯನಿಗೆ ಅವಮಾನವೇ? ತಟ್ಟನೆ ಹೌದೆನ್ನಬೇಕೆನಿಸುತ್ತದೆ. ಆದರೆ ಯೋಚಿಸಿದರೆ ಹಾಗಲ್ಲವೆಂದು ನಮಗೆ ತೋರುತ್ತದೆ. ದೊಡ್ಡಬಳ್ಳಾಪುರದಲ್ಲಿ ಸೀರೆ ನೇಯುವವರನ್ನು ಕೇಳಿ. ಕೊಳ್ಳಲು ಬಂದವರು ಮೊದಲು ಬಿಚ್ಚಿ ನೋಡುವುದು ಸೆರಗನ್ನು, ಆಮೇಲೆ ಅಂಚನ್ನು. ಒಡಲನ್ನು ಅಷ್ಟಾಗಿ ಯಾರೂ ನೋಡುವುದಿಲ್ಲ. ಆದರೆ ಮೈ ಮುಚ್ಚುವುದು ಒಡಲು. ಒಡಲಿನ ನೂಲು ಕಡಿಮೆ ದರ್ಜೆಯದಾದರೆ ಸೆರಗಿನ ಜರಿ ಎಷ್ಟು ಮಿಂಚಿದರೂ ಆ ಸೀರೆ ಬಾಳುವುದಿಲ್ಲ. ಮದುವೆಯಲ್ಲಿ ಮದುಮಕ್ಕಳ ಹಿಂದೆ ನಿಲ್ಲುತ್ತೇವೆ, ಮಯ್ಯತ್ತಿಗೆ ಹೆಗಲು ಕೊಡುವವರ ಸಾಲಿನಲ್ಲಿ ಸೇರುತ್ತೇವೆ. ಅಲ್ಲೆಲ್ಲ ನಾವು ಇನ್ನೊಬ್ಬರ ಕಥೆಯ ಹಿನ್ನೆಲೆಯೇ. ಹಿಂದೆ ನಿಲ್ಲುವುದರಿಂದ ಯಾರೂ ಸಣ್ಣವರಾಗುವುದಿಲ್ಲ.

ಮುಂದೆ ಬಂದು ನಿಲ್ಲುವ ಶಕ್ತಿಯೂ ಇವರಿಗಿಲ್ಲವೆಂದಲ್ಲ. ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದಾಗ ಆ ಊರಿನ ಜನರೇ ಮಾಲ್ಗುಡಿಯ ಜನರಾದರು. ಮಂಡ್ಯ ಸೀಮೆಯ ಹಳ್ಳಿಗರನ್ನೇ ನಟರನ್ನಾಗಿಸಿ ರಾಮ್ ರೆಡ್ಡಿ ತೆಗೆದ ‘ತಿಥಿ’ಗೆ 2015ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಅದರ ಗಡ್ಡಪ್ಪ, ಸೆಂಚುರಿ ಗೌಡ ಮನೆಮಾತಾದರು. ಬೇರೆ ನಿರ್ದೇಶಕರ ಕೈಯಲ್ಲಿ ಅವರು ನಾಯಕನ ಹಿಂದಿನ ಅರಳಿಕಟ್ಟೆಯ ಮೇಲೆ ಕೂತು ಎದ್ದು ಹೋಗುತ್ತಿದ್ದರೋ ಏನೋ.

ಅವಮಾನ ಶುರುವಾಗುವುದು ಬೇರೆ ಕಡೆ. ಜರ್ಮನಿಯ ತತ್ತ್ವಜ್ಞಾನಿ ಕ್ಯಾಂಟ್ 1785ರ ತನ್ನ ಕೃತಿಯಲ್ಲಿ ಮನುಷ್ಯರನ್ನು ಬರಿಯ ಸಾಧನವಾಗಿ ಬಳಸಬಾರದೆಂದು ವಾದಿಸಿದ. ಇಲ್ಲಿ ‘ಬರಿಯ’ ಎಂಬ ಮಾತೇ ಮುಖ್ಯ. ನಾವೆಲ್ಲ ಒಬ್ಬರನ್ನೊಬ್ಬರು ಬಳಸುತ್ತಲೇ ಇರುತ್ತೇವೆ: ದರ್ಜಿಯನ್ನು ಬಟ್ಟೆಗೆ, ಆಟೋದವನನ್ನು ದಾರಿಗೆ. ಬಳಸುವಾಗ ಅವನಿಗೂ ಒಂದು ಬದುಕಿದೆ, ಅವನೂ ಬೇಡವೆನ್ನಬಲ್ಲ ಎಂಬುದು ನೆನಪಿದ್ದರೆ ಅಲ್ಲಿ ತಪ್ಪಿಲ್ಲ. ಅದು ಮರೆತ ಕೂಡಲೇ ಮನುಷ್ಯ ಸೆಟ್ಟಿನ ಪ್ಲೈವುಡ್ಡಿಗೆ ಸಮನಾಗುತ್ತಾನೆ. ಹಾಗೆ ಮರೆತಾಗ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ದೊಡ್ಡ ಸಾಕ್ಷಿಯಿದೆ.

1989ರ ಫೆಬ್ರವರಿ 8. ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣ ನಡೆದಿತ್ತು. ಬಾಶೆಟ್ಟಿಹಳ್ಳಿಯ ನೆರೆಯ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಕಥೆ. ಚಿತ್ರಿಸುತ್ತಿದ್ದದ್ದು ಮದುವೆಯ ಸಂಭ್ರಮ. ಮದುವೆಯೆಂದ ಮೇಲೆ ಜನ ಬೇಕು, ಪಟಾಕಿ ಬೇಕು. ಗೋಡೆಗಳಿಗೆ ಗೋಣಿತಟ್ಟು ಹೊದಿಸಲಾಗಿತ್ತು. ದೊಡ್ಡ ದೀಪಗಳ ಕಾವಿತ್ತು, ಗಾಳಿಯಾಡಲು ದಾರಿಯಿರಲಿಲ್ಲ, ಬೆಂಕಿ ಆರಿಸುವ ತಕ್ಕ ವ್ಯವಸ್ಥೆಯೂ ಇರಲಿಲ್ಲ. ಬೆಂಕಿ ಹತ್ತಿತು. 62 ಮಂದಿ ಸತ್ತರು. ನಿರ್ದೇಶಕರೂ ನಾಯಕನಟರೂ ಆದ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು ಹದಿಮೂರು ತಿಂಗಳು ಆಸ್ಪತ್ರೆಯಲ್ಲಿದ್ದು, ಎಪ್ಪತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಸಹಿಸಿ ಬದುಕಿ ಬಂದರು. ಅದು ಸಣ್ಣ ಸಂಗತಿಯಲ್ಲ. 1990ರಲ್ಲಿ ಧಾರಾವಾಹಿ ದೂರದರ್ಶನದಲ್ಲಿ ಬಂತು, ಮನೆಮನೆಯಲ್ಲೂ ನೋಡಿದೆವು. ಟಿಪ್ಪುವನ್ನು ತೋರಿಸಿದ್ದು ಸರಿಯೋ ತಪ್ಪೋ ಎಂಬ ಜಗಳ ನ್ಯಾಯಾಲಯದವರೆಗೆ ಹೋಯಿತು. ಇನ್ನೂರು ವರ್ಷಗಳಿಗೂ ಹಿಂದಿನ ಸುಲ್ತಾನನ ಬಗ್ಗೆ ಇಷ್ಟು ವಾದ ಮಾಡಿದ ನಾವು, ಅವನ ಮದುವೆಯ ದಿಬ್ಬಣಕ್ಕೆಂದು ಬಂದು ಮನೆಗೆ ಮರಳದವರ ಬಗ್ಗೆ ಎಷ್ಟು ಮಾತಾಡಿದೆವು? ಟಿಪ್ಪುವಿನ ಪರವಾಗಿ ನಿಂತವರೂ ವಿರುದ್ಧ ನಿಂತವರೂ ಈ ಮರೆವಿನಲ್ಲಿ ಸಮಾನರು.

ಮೈಸೂರಿನ ಬೆಂಕಿ ಹಳೆಯ ಕಥೆಯೆನ್ನುವಂತಿಲ್ಲ. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರಕ್ಕಾಗಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಹಾರಿದವರಲ್ಲಿ ನಾಯಕನಟ ದಡ ಸೇರಿದರು, ಖಳರ ಪಾತ್ರ ಮಾಡುತ್ತಿದ್ದ ಅನಿಲ್ ಮತ್ತು ಉದಯ್ ಸೇರಲಿಲ್ಲ. 2021ರ ಆಗಸ್ಟ್‌ನಲ್ಲಿ ಬಿಡದಿ ಬಳಿ ಸಾಹಸ ಕಲಾವಿದನೊಬ್ಬ ಚಿತ್ರೀಕರಣದಲ್ಲಿ ವಿದ್ಯುತ್ ತಗಲಿ ತೀರಿಕೊಂಡ. 2025ರ ಮೇ ತಿಂಗಳಲ್ಲಿ ದೊಡ್ಡ ಚಿತ್ರವೊಂದರ ಕೆಲಸಕ್ಕೆ ಕೇರಳದಿಂದ ಕೊಲ್ಲೂರಿಗೆ ಬಂದಿದ್ದ ಸಹಕಲಾವಿದನೊಬ್ಬ ಸೌಪರ್ಣಿಕಾ ನದಿಯಲ್ಲಿ ಮುಳುಗಿದ. ಆ ದಿನ ಚಿತ್ರೀಕರಣವೇ ಇರಲಿಲ್ಲ ಎಂದು ಚಿತ್ರತಂಡ ತಿಳಿಸಿತು. ಆ ಮಾತನ್ನು ಅನುಮಾನಿಸುವ ಕಾರಣ ನಮಗಿಲ್ಲ. ಆದರೆ ಅದು ನಮ್ಮನ್ನು ಇನ್ನೊಂದು ಯೋಚನೆಗೆ ಹಚ್ಚುತ್ತದೆ. ಕರೆಸಿಕೊಂಡ ಊರಿನಲ್ಲಿ ಮುಂದಿನ ಕರೆಗಾಗಿ ಕಾಯುತ್ತಿರುವವನ ಹೊತ್ತು ಯಾರದು? ಕೂಲಿಕಾರನ ಬೆವರು ಆರುವುದರೊಳಗೆ ಕೂಲಿ ಸಲ್ಲಬೇಕೆಂಬ ಪ್ರವಾದಿಯವರ ಬೋಧನೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಕಾಯುವುದೇ ಕೆಲಸವಾದವನಿಗೆ ಬೆವರು ಕಾಣಿಸುವುದಿಲ್ಲ. ಆದ್ದರಿಂದಲೇ ಅವನ ಲೆಕ್ಕ ತಪ್ಪುತ್ತದೆ. ಅವನು ಮಾರಿದ್ದು ನಟನೆಯನ್ನಲ್ಲ, ತನ್ನ ಒಂದು ದಿನವನ್ನು. ಆ ದಿನದಲ್ಲಿ ಕ್ಯಾಮೆರಾ ಹತ್ತು ನಿಮಿಷ ಓಡಿತೋ ಹತ್ತು ಗಂಟೆ ಓಡಿತೋ ಅದು ಕೊಂಡವನ ಲೆಕ್ಕ.

ಕಾನೂನು ಇದನ್ನು ಕಾಣದೆ ಇಲ್ಲ. ಸಿನಿಮಾ ಕೆಲಸಗಾರರ ನೇಮಕಾತಿಗೆ 1981ರಲ್ಲೇ ಸಂಸತ್ತು ಕಾಯ್ದೆ ಮಾಡಿತು. ಲಿಖಿತ ಒಪ್ಪಂದವಿಲ್ಲದೆ ಯಾರನ್ನೂ ಕೆಲಸಕ್ಕೆ ಹಚ್ಚುವಂತಿಲ್ಲ. ನಡುವೆ ಗುತ್ತಿಗೆದಾರನಿದ್ದರೂ ಒಪ್ಪಂದಕ್ಕೆ ನಿರ್ಮಾಪಕನೇ ಸಹಿ ಹಾಕಬೇಕು ಎಂದು ಅದು ಹೇಳಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದು ಸೇರಿಹೋಗಿದೆ, ಧಾರಾವಾಹಿಯ ಕೆಲಸಗಾರರನ್ನೂ ಒಳಗೊಂಡಿದೆ. ಕರ್ನಾಟಕ ಸರಕಾರ 2024ರಲ್ಲಿ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆಂದು ಟಿಕೆಟ್ಟಿನ ಮೇಲೆ ಸೆಸ್ ಹಾಕುವ ಕಾಯ್ದೆ ತಂದಿತು. ಒಳ್ಳೆಯದೇ. ಆದರೆ ಬೆಳಿಗ್ಗೆ ಐದಕ್ಕೆ ಟೆಂಪೊ ಹತ್ತುವವನ ಕೈಯಲ್ಲಿ ಕಾಗದವಿರುವುದಿಲ್ಲ, ಏಜೆಂಟಿನ ನೋಟುಬುಕ್ಕಿನಲ್ಲಿ ಅವನು ಒಂದು ‘ತಲೆ’. ಸಂಜೆ ಕೈಗೆ ಬರುವ ಹಣದಲ್ಲಿ ಎಷ್ಟು ಕಳೆಯಿತು, ಯಾಕೆ ಕಳೆಯಿತು ಎಂದು ಕೇಳಿದರೆ ಮುಂದಿನ ಸಲ ಫೋನು ಬರುವುದಿಲ್ಲ.

ಇದು ಅವನನ್ನು ನಿಲ್ಲಿಸಿದವರ ಬಾಕಿ. ಈಗ ನಿಂತವನ ಹೊಣೆಗೆ ಬರೋಣ.

ರಿಚರ್ಡ್ ಅಟೆನ್‌ಬರೋ ‘ಗಾಂಧಿ’ ಚಿತ್ರಕ್ಕಾಗಿ ಗಾಂಧೀಜಿಯ ಅಂತ್ಯಯಾತ್ರೆಯನ್ನು ದೆಹಲಿಯಲ್ಲಿ ಚಿತ್ರಿಸಿದ್ದು 1981ರ ಜನವರಿ 31ರಂದು. ನಿಜವಾದ ಅಂತ್ಯಯಾತ್ರೆ ನಡೆದು ಅಂದಿಗೆ ಸರಿಯಾಗಿ 33 ವರ್ಷ. ಮೂರು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಅವರಲ್ಲಿ ಸುಮಾರು ಒಂದು ಲಕ್ಷ ಜನರಿಗೆ ಅಲ್ಪ ಸಂಭಾವನೆ, ಉಳಿದ ಎರಡು ಲಕ್ಷ ಜನ ತಾವಾಗಿ ಬಂದವರು. ಹನ್ನೊಂದು ತಂಡಗಳು ಚಿತ್ರಿಸಿದ್ದರಲ್ಲಿ ತೆರೆಗೆ ಬಂದದ್ದು ಎರಡು ನಿಮಿಷದಷ್ಟು. ಹಣ ಪಡೆದವನ ಪಕ್ಕದಲ್ಲೇ ಪಡೆಯದವನು ನಿಂತಿದ್ದ. ಇಬ್ಬರೂ ತಲೆ ತಗ್ಗಿಸಿದರು. ಒಬ್ಬ ನಟಿಸಿದ, ಇನ್ನೊಬ್ಬ ಶೋಕಿಸಿದ ಎನ್ನೋಣವೇ? ಹಣ ಪಡೆದವನ ಗಂಟಲೂ ಕಟ್ಟಿರಬಹುದು. ತಾನಾಗಿ ಬಂದವನು ಬರಿಯ ತಮಾಷೆ ನೋಡಲು ಬಂದಿರಬಹುದು. ಕರ್ಮದ ಬೆಲೆ ನಿಯ್ಯತ್ತಿನಲ್ಲಿದೆ ಎಂದು ನಂಬುವವರು ನಾವು. ಅಲ್ಲಾಹನ ಮುಂದೆ ಆ ಇಬ್ಬರ ಲೆಕ್ಕ ಬೇರೆಯೇ ಇರುತ್ತದೆ. ಆದರೆ ತೆರೆಯ ಮೇಲೆ ನಿಯ್ಯತ್ತು ಕಾಣುವುದಿಲ್ಲ. ಕಾಣುವುದು ಮುಖ ಮಾತ್ರ.

ತೊಡಕು ಇರುವುದು ಇಲ್ಲಿಯೇ. ಶೋಕದ ಗುಂಪಿನಲ್ಲಿ ನಿಂತರೆ ಯಾರಿಗೂ ಕೇಡಿಲ್ಲ. ದ್ವೇಷದ ಗುಂಪಾದರೆ? ಸಿನಿಮಾದವರಿಗೆ ‘ಮುಸ್ಲಿಂ ಬೀದಿ’ ಬೇಕಾದಾಗ ಏನು ಮಾಡುತ್ತಾರೆ ಎಂಬುದು ನೋಡುವವರಿಗೆಲ್ಲ ಗೊತ್ತು. ಬಂದ ನಲವತ್ತು ಜನರಿಗೆ ಬಿಳಿ ಟೋಪಿ, ಚೌಕಳಿ ಲುಂಗಿ, ಕೆಲವರಿಗೆ ಅಂಟಿಸಿದ ಗಡ್ಡ, ಹೆಂಗಸರಿಗೆ ಬುರ್ಖಾ. ಕಟುಕನ ಅಂಗಡಿಯೊಂದು ಇರಲೇಬೇಕು. ಟೋಪಿ ಹಾಕಿಕೊಂಡವರಲ್ಲಿ ಯಾರು ಯಾವ ಜಾತಿಯೋ ಕೇಳುವವರಿಲ್ಲ. ಇದರಲ್ಲಿ ಒಂದು ಸೊಗಸೂ ಇದೆ: ಒಬ್ಬ ಗೌಡರ ಹುಡುಗನೂ ಒಬ್ಬ ಸಾಬರ ಹುಡುಗನೂ ಒಂದೇ ಟೋಪಿ ಹಾಕಿಕೊಂಡು ಒಂದೇ ಬೀಡಿ ಹಂಚಿಕೊಂಡು ಶಾಟ್‌ಗಾಗಿ ಕಾಯುತ್ತಾರೆ. ಆದರೆ ಆಕ್ಷನ್ ಎಂದ ಮೇಲೆ ಕೈಗೆ ಕಲ್ಲು ಬಂದರೆ, ಆ ಬೀದಿಯಿಂದ ಯಾರ ಮೇಲೋ ನುಗ್ಗಬೇಕೆಂದರೆ, ಆ ಸೊಗಸು ತೆರೆಯ ಮೇಲೆ ಬರುವುದಿಲ್ಲ. ಬರುವುದು ಕಲ್ಲು ಹಿಡಿದ ಟೋಪಿ ಮಾತ್ರ. ಸಾಬರ ಹುಡುಗ ಅಂದು ಸಂಜೆ ಕೂಲಿ ತೆಗೆದುಕೊಂಡು ಮನೆಗೆ ಹೋಗುತ್ತಾನೆ. ಕೆಲವು ತಿಂಗಳ ಮೇಲೆ ಬಾಡಿಗೆ ಮನೆ ಕೇಳಲು ಹೋದಾಗ, ಮನೆಯೊಡೆಯ ಅವನ ಮುಖದಲ್ಲಿ ತೆರೆಯ ಮೇಲೆ ಕಂಡದ್ದನ್ನೇ ಹುಡುಕುತ್ತಾನೆ. ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ದಿನಗೂಲಿಗೆ ಮಾರಿದಂತಾಯಿತು.

ಹಾಗಾದರೆ ಅವನು ತಪ್ಪಿತಸ್ಥನೇ? ಉರ್ದುವಿನಲ್ಲಿ ಜನ ಸೇರುವುದಕ್ಕೆ ಬೇರೆಬೇರೆ ಮಾತುಗಳಿವೆ. ‘ಭೀಡ್’ ಎಂದರೆ ನೂಕುನುಗ್ಗಲು. ಅಲ್ಲಿ ಯಾರು ಇದ್ದರೂ ಒಂದೇ, ಬಿಟ್ಟರೂ ಒಂದೇ. ‘ಮಜ್ಮಾ’ ಎಂದರೆ ದಾರಿಬದಿಯ ಆಟಗಾರನ ಸುತ್ತ ನೆರೆಯುವ ಮಂದಿ. ‘ಜಮಾಅತ್’ ಎಂದರೆ ಒಂದು ಉದ್ದೇಶಕ್ಕೆ ಹೆಗಲಿಗೆ ಹೆಗಲು ತಾಗಿಸಿ ನಿಂತವರು. ಒಬ್ಬ ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಕೇಳುವವರು. ಕನ್ನಡದಲ್ಲೂ ಜಂಗುಳಿ ಬೇರೆ, ಸಭೆ ಬೇರೆ. ಭೀಡಿನಲ್ಲಿ ಇದ್ದವನು ‘ನಾನೊಬ್ಬನೇ ಏನು ಮಾಡಲಿ’ ಎಂದು ಜಾರಿಕೊಳ್ಳಬಹುದು. ಗಲಭೆಗಳ ನಂತರ ಬಂದ ಎಷ್ಟೋ ಹೇಳಿಕೆಗಳು ಇದೇ ಮಾತಿನವು: ಎಲ್ಲರೂ ಹೋದರು, ನಾನೂ ಹೋದೆ. ಈ ಜಾರುವಿಕೆಯನ್ನು ನಾವು ನಿಜವಾದ ಬೀದಿಯಲ್ಲಿ ಒಪ್ಪುವುದಿಲ್ಲವೆಂದರೆ ಸೆಟ್ಟಿನ ಬೀದಿಯಲ್ಲೂ ಪೂರ್ತಿಯಾಗಿ ಒಪ್ಪುವಂತಿಲ್ಲ. ಗುಂಪು ಎಂಬುದು ಒಬ್ಬೊಬ್ಬರಾಗಿ ಬಂದು ನಿಂತವರಿಂದಲೇ ಆದದ್ದು.

ಆದರೂ ಹೊಣೆಯನ್ನು ಸಮನಾಗಿ ಹಂಚುವುದು ಅನ್ಯಾಯವಾಗುತ್ತದೆ. ಹೊಣೆ ಎನ್ನುವುದು ಎರಡು ಸಂಗತಿಗಳನ್ನು ಅವಲಂಬಿಸಿದೆ: ಗೊತ್ತಿತ್ತೇ, ಮತ್ತು ಬೇಡವೆನ್ನುವ ಶಕ್ತಿ ಇತ್ತೇ. ಸಹಕಲಾವಿದನಿಗೆ ಕಥೆ ಹೇಳುವ ವಾಡಿಕೆಯಿಲ್ಲ. ‘ಓಡು’ ಎಂದರೆ ಓಡುತ್ತಾನೆ, ‘ಕೂಗು’ ಎಂದರೆ ಕೂಗುತ್ತಾನೆ. ಸಂಕಲನವಾದ ಮೇಲೆ ಆ ಕೂಗು ಯಾರ ಕಡೆಗೆ ತಿರುಗಿತು ಎಂಬುದು ಅವನಿಗೆ ತಿಳಿಯುವುದು ಟಿಕೆಟ್ಟು ಕೊಂಡು ನೋಡಿದರೆ ಮಾತ್ರ. ತಿಳಿಸದೆ ನಿಲ್ಲಿಸಿದರೆ ಅವನ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಅಲ್ಲಿ ಹೊಣೆ ಮುಚ್ಚಿಟ್ಟವನದು. ತಿಳಿದೂ ನಿಂತವನಿಗೆ ಪಾಲು ಉಂಟು. ಆದರೆ ಮನೆಯಲ್ಲಿ ಅಕ್ಕಿ ಮುಗಿದು ನಿಂತವನ ಪಾಲು ಬಹಳ ಚಿಕ್ಕದು. ಆ ದೃಶ್ಯವನ್ನು ಬರೆದವನಿಗೆ, ಅದಕ್ಕೆ ಹಣ ಹೂಡಿದವನಿಗೆ, ಶಿಳ್ಳೆ ಹಾಕಿ ನೋಡಿದವನಿಗೆ ಅಕ್ಕಿ ಮುಗಿದಿರಲಿಲ್ಲ. ನೀತಿಪಾಠವನ್ನು ಕೂಲಿಯವನಿಂದ ಶುರುಮಾಡುವುದು ನಮ್ಮ ಸಮಾಜದ ಹಳೆಯ ಚಾಳಿ, ಅದು ಮೇಲಿನಿಂದ ಶುರುವಾಗಲಿ.

ಅದೇ ಟೆಂಪೊದಲ್ಲಿ ಸಮಾವೇಶಕ್ಕೆ ಹೋಗುವುದು ಇದಕ್ಕಿಂತ ಗಂಭೀರ ಎಂಬುದನ್ನೂ ಹೇಳಬೇಕು. ಸಿನಿಮಾ ತಾನು ಕಟ್ಟುಕಥೆ ಎಂದು ಮೊದಲೇ ಒಪ್ಪಿಕೊಳ್ಳುತ್ತದೆ. ಸಮಾವೇಶದ ಕಟ್ಟುಕಥೆಗೆ ‘ಜನಾಭಿಪ್ರಾಯ’ ಎಂದು ಹೆಸರು. ವೇದಿಕೆಯ ಮೇಲಿನವನು ಮೈದಾನ ತೋರಿಸಿ ಜನ ನಮ್ಮೊಂದಿಗಿದ್ದಾರೆ ಎನ್ನುತ್ತಾನೆ. ಅಲ್ಲಿ ಕೂತವನು ಬರಿಯ ಮುಖವನ್ನಲ್ಲ, ಒಪ್ಪಿಗೆಯನ್ನು ಬಾಡಿಗೆಗೆ ಕೊಟ್ಟಿದ್ದಾನೆ.

ಇಷ್ಟರಲ್ಲಿ ಇನ್ನೊಂದು ಬದಲಾವಣೆ ಬಂದಿದೆ. 2023ರಲ್ಲಿ ಅಮೆರಿಕದ ನಟರ ಸಂಘ ಜುಲೈಯಿಂದ ನವೆಂಬರ್‌ವರೆಗೆ ಮುಷ್ಕರ ಹೂಡಿದಾಗ ಅದರ ಬೇಡಿಕೆಗಳಲ್ಲಿ ಒಂದು ಹಿನ್ನೆಲೆ ಕಲಾವಿದರದಾಗಿತ್ತು. ಒಂದು ದಿನದ ಕೂಲಿ ಕೊಟ್ಟು ಅವರ ಮೈಮುಖಗಳನ್ನು ಯಂತ್ರದಿಂದ ಅಳೆದುಕೊಂಡು, ಆಮೇಲೆ ಬೇಕಾದ ಗುಂಪಿನಲ್ಲೆಲ್ಲ ಅವರನ್ನು ನಿಲ್ಲಿಸಿಬಿಡಬಹುದು ಎಂಬ ಭಯ. ಕೊನೆಗೆ ಆದ ಒಪ್ಪಂದದಲ್ಲಿ, ಅವರ ಒಪ್ಪಿಗೆ ಮತ್ತು ಸಂಭಾವನೆ ಇಲ್ಲದೆ ಹಾಗೆ ಮಾಡುವಂತಿಲ್ಲ ಎಂದಾಯಿತು. 2025ರಲ್ಲಿ ‘ಲವ್ ಯೂ’ ಎಂಬ ಕನ್ನಡ ಚಿತ್ರ ಕೃತಕ ಬುದ್ಧಿಮತ್ತೆಯಿಂದಲೇ ತಯಾರಾಗಿ ಬಂತು. ಅದರಲ್ಲಿ ನಾಯಕನೂ ಇಲ್ಲ, ನಾಯಕನ ಹಿಂದೆ ನಿಲ್ಲುವವನೂ ಇಲ್ಲ. ಇನ್ನು ಮುಂದೆ ನಲವತ್ತು ತಲೆ ಬೇಕೆಂದರೆ ಬಾಶೆಟ್ಟಿಹಳ್ಳಿಗೆ ಫೋನು ಹೋಗಬೇಕಾಗಿಲ್ಲ. ನಾಲ್ಕು ಸಾವಿರ ಬೇಕಾದರೂ ಯಂತ್ರ ಕೊಡುತ್ತದೆ. ಊಟ ಕೇಳುವುದಿಲ್ಲ, ಬೆಂಕಿ ಬಿದ್ದರೆ ಸಾಯುವುದೂ ಇಲ್ಲ.

ಇದನ್ನು ಪ್ರಗತಿಯೆಂದು ಒಪ್ಪಿಬಿಡುವ ಮುನ್ನ ಯಂತ್ರದ ಗುಂಪಿನಲ್ಲಿ ಇಲ್ಲದಿರುವುದು ಏನೆಂದು ಕೇಳಬೇಕು. ಅದರಲ್ಲಿ ಬೇಡವೆನ್ನುವವನು ಇಲ್ಲ. ಮೂರು ಲಕ್ಷ ಜನರ ಶೋಕಕ್ಕೆ ಮೂರು ಲಕ್ಷ ಜನ ಬರಬೇಕಾಗಿದ್ದ ಕಾಲದಲ್ಲಿ, ಅವರು ಬಾರದೇ ಇರಬಹುದಾಗಿತ್ತು ಎಂಬುದರಲ್ಲೇ ಬಂದದ್ದರ ಬೆಲೆಯಿತ್ತು. ಕಲ್ಲು ಕೈಗೆ ಕೊಟ್ಟಾಗ ನಲವತ್ತರಲ್ಲಿ ಒಬ್ಬನಾದರೂ ‘ಇದು ನನ್ನಿಂದ ಆಗದು ಅಣ್ಣ’ ಎಂದು ಕೆಳಗಿಡಬಹುದಾಗಿತ್ತು. ಹಾಗೆ ಇಟ್ಟವರು ಅಪರೂಪ, ಇಟ್ಟರೆ ಅಂದಿನ ಕೂಲಿ ಹೋಯಿತು. ಆದರೂ ಆ ಸಾಧ್ಯತೆ ಸೆಟ್ಟಿನಲ್ಲಿ ನಿಂತಿರುತ್ತಿತ್ತು, ದೃಶ್ಯ ಬರೆಯುವವನನ್ನು ಒಂದಿಷ್ಟು ತಡೆಯುತ್ತಿತ್ತು. ದ್ವೇಷಕ್ಕೆ ಬೇಕಾದ ಗುಂಪು ಯಾರನ್ನೂ ಕೇಳದೆ ಸಿಗುವಂತಾದರೆ ತಡೆಯುವವರು ಯಾರು?

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ಕರೆಸಿಕೊಂಡವನಿಗೆ ಕಾಗದ ಕೊಡಿ. ಕಾಯಿಸಿದ ಹೊತ್ತಿಗೂ ಕೂಲಿ ಕೊಡಿ. ಬಾಗಿಲು ಎಲ್ಲಿದೆ, ನೀರು ಎಷ್ಟು ಆಳವಿದೆ ಎಂದು ಮೊದಲೇ ತೋರಿಸಿ. ಎಲ್ಲಕ್ಕಿಂತ ಮುಂಚೆ, ಯಾವ ದೃಶ್ಯದಲ್ಲಿ ನಿಲ್ಲುತ್ತಿದ್ದಾನೆ ಎಂದು ಎರಡು ಮಾತಿನಲ್ಲಿ ಅವನಿಗೆ ಹೇಳಿ, ಬೇಡವೆಂದರೆ ಬಸ್‌ಚಾರ್ಜು ಕೊಟ್ಟು ಕಳಿಸಿ. ಇಷ್ಟನ್ನು ಮಾಡಿದ ಮೇಲೆ ಅವನ ಹೊಣೆಯ ಮಾತೆತ್ತುವ ಹಕ್ಕು ನಮಗೆ ಬರುತ್ತದೆ.